ಬಲಗಡೆಯ ಸೀಟು

ಪಂಪಣ್ಣ ಗಾಡಿ ತೊಳೆಯುತ್ತಿದ್ದ. ಹಿಂದಿನ ಬಲಗಡೆ ಮಡ್‌ಗಾರ್ಡಿನ ಮೇಲೆ ಬಣ್ಣ ಎದ್ದಿತ್ತು. ಜೋಳದ ಕಾಳಿನಷ್ಟು ಒಂದು ಗುಳ್ಳೆ.

ಉಗುರಿನಿಂದ ಒತ್ತಿದ. ಮೆತ್ತಗಿತ್ತು.

ತಗಡು ಮೆತ್ತಗಿರುವುದಿಲ್ಲ.

ತನ್ನ ಹಿಟ್ಟಿನ ಗಿರಣಿಗೆ ಹೋಗಿ ಅಯಸ್ಕಾಂತ ತಂದ. ಜೋಳದ ಜೊತೆ ಬಂದ ಮೊಳೆ, ತಂತಿ ಚೂರು ಹಿಡಿಯಲೆಂದು ಗಿರಣಿಯ ಬಾಯಿಗೆ ಕಟ್ಟಿದ್ದ ಅಯಸ್ಕಾಂತ ಅದು. ಗಾಡಿಯ ಬಾಗಿಲಿಗೆ ಹಚ್ಚಿದ, ಹಿಡಿಯಿತು. ಡಿಕ್ಕಿಗೆ ಹಚ್ಚಿದ, ಹಿಡಿಯಿತು. ಆ ಗುಳ್ಳೆಯ ಸುತ್ತ, ಒಂದು ರೊಟ್ಟಿಯಷ್ಟು ಅಗಲ ಜಾಗದಲ್ಲಿ ಹಿಡಿಯಲಿಲ್ಲ. ಠಣ್ ಎಂದು ನೆಲಕ್ಕೆ ಬಿತ್ತು.

ಒಳಗೆ ತಗಡಿನ ಬದಲು ಪುಟ್ಟಿ ಇತ್ತು, ತಗ್ಗು ತುಂಬುವ ಮೆತ್ತು. ಗಾಡಿ ಎಲ್ಲೋ ಬಡಿದಿದೆ. ಯಾರೋ ಮೆತ್ತಿ ಮುಚ್ಚಿದ್ದಾರೆ.

ಊರಿನವರು ಅದಕ್ಕೆ ಪೈಲ್ವಾನ್ ಗಾಡಿ ಅನ್ನುತ್ತಿದ್ದರು. ಅಮೆರಿಕದ್ದು, ಹಳೆಯದು, ಎಂಟು ಸಿಲಿಂಡರಿನದು. ತಿಳಿದವರು ಮಸಲ್ ಕಾರು ಅನ್ನುತ್ತಾರೆ. ಗಣಿ ಮುಚ್ಚಿದಾಗ ಅದರ ಅಂಗಳದ ಸಾಮಾನೆಲ್ಲ ಗುಜರಿಗೆ ಹಾಕಿದರು. ಗಿರಣಿಗೆ ಮೋಟಾರು ತರಲು ಹೋದ ಪಂಪಣ್ಣ ಮೋಟಾರು ಬಿಟ್ಟು ಇದನ್ನು ಎಳೆಸಿಕೊಂಡು ಬಂದ. ಹೆಂಡತಿ ಹುಲಿಗೆಮ್ಮ ಸುತ್ತು ಹಾಕಿ ನೋಡಿ, ಕೋಳಿ ಗೂಡು ಚಲೋ ಆಗತೈತಿ ಅಂದಳು.

ತಂದ ದಿನವೇ ಇದೇ ಅಯಸ್ಕಾಂತದಿಂದ ಮೈಯೆಲ್ಲ ಸವರಿ ನೋಡಿದ್ದ. ತುಕ್ಕಿತ್ತು. ಪುಟ್ಟಿ ಇರಲಿಲ್ಲ. ಆಮೇಲೆ ಗಿರಣಿ ಪಕ್ಕದ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು ತಾನೇ ಬಿಚ್ಚಿದ, ತಾನೇ ತಿಕ್ಕಿದ, ತಾನೇ ಕೂಡಿಸಿದ. ಬೇರೆ ಕೈ ಬೀಳಲು ಬಿಡಲಿಲ್ಲ.

ಅಂದರೆ ಪೆಟ್ಟು ಬಿದ್ದದ್ದು ಅವನ ಮನೆಗೆ ಬಂದ ಮೇಲೆ.

ಚಾವಿ ಸಿಗುತ್ತಿದ್ದದ್ದು ಇಬ್ಬರ ಕೈಗೇ. ಒಬ್ಬಳು ಹುಲಿಗೆಮ್ಮ. ಅವಳು ಹೋದ ಕಾರ್ತೀಕದಲ್ಲಿ ತೀರಿಕೊಂಡಳು. ಇನ್ನೊಬ್ಬರು ಮರುಳಜ್ಜ.

ಮರುಳಜ್ಜ ಅವನ ಗುರು. ಹೊಳೆದಂಡೆಯ ಆಶ್ರಮದಲ್ಲಿ ಇರುತ್ತಿದ್ದರು. ಹಿಂದೆ ಅದಿರಿನ ಲಾರಿ ಓಡಿಸಿದವರು. ಒಂದು ದಿನ ಲಾರಿ ನಿಲ್ಲಿಸಿ ಸ್ನಾನಕ್ಕೆಂದು ಹೊಳೆಗೆ ಇಳಿದವರು ಮತ್ತೆ ಲಾರಿ ಹತ್ತಲಿಲ್ಲ. ಪಂಪಣ್ಣ ಸೋಮವಾರ ಸೋಮವಾರ ಹೋಗಿ ಅವರ ಕಾಲ ಹತ್ತಿರ ಕೂತು ಬರುತ್ತಿದ್ದ. ಪರ ಊರಿಗೆ ಹೋಗುವಾಗ ಗಾಡಿಯ ಚಾವಿ ಅವರ ಕೈಗೇ ಕೊಡುತ್ತಿದ್ದ. ಗುರುವಿನ ಹತ್ತಿರ ಇದ್ದರೆ ಕಾವಲು ಬೇಡ ಎಂದು ಅವನ ಲೆಕ್ಕ.

ಹೆಂಡತಿ ಹೋದ ಮೇಲೆ ಅವನು ಬಾಯಿ ಬಿಟ್ಟು ಮಾತಾಡುತ್ತಿದ್ದದ್ದು ಅವರೊಬ್ಬರ ಮುಂದೆ.

ಗುಳ್ಳೆ ಕಂಡ ದಿನದಿಂದ ಅವನಿಗೆ ಊಟ ಸೇರಲಿಲ್ಲ. ಒಂದೊಂದೇ ನೆನಪಾಯಿತು. ದೀಪದ ಗಾಜು ಹುಡುಕಿಕೊಂಡು ಮುಂಬೈಗೆ ಹೋಗಿ ಬಂದಿದ್ದ. ಬಂದಾಗ ಗಾಡಿಯೊಳಗೆ ಕಾಲಿಡುವ ಕಡೆ ಹೊಳೆಯ ಮರಳಿತ್ತು. ಹುಲಿಗೆಮ್ಮನ ಮೊಣಕೈ ಕಂದಿತ್ತು. ಕೇಳಿದ್ದಕ್ಕೆ ಒರಳುಕಲ್ಲು ತಾಗಿತು ಅಂದಿದ್ದಳು. ಆಗ ಗಾಡಿ ಓಡುತ್ತಿತ್ತು, ಮೈಗೆ ಮಾತ್ರ ಬಣ್ಣಕ್ಕೆ ಮೊದಲು ಹಚ್ಚುವ ಕೆಂಪು ಪ್ರೈಮರ್ ಅಷ್ಟೇ ಇತ್ತು. ಅದರ ಮೇಲೆ ನೀಲಿ ಬಣ್ಣವನ್ನು ತಾನೇ ಹೊಡೆದ. ಮೋಸದ ಮೇಲೆ ತನ್ನ ಕೈಯಿಂದಲೇ ಬಣ್ಣ ಹೊಡೆದ.

ಅಜ್ಜ ಗಾಡಿ ಒಯ್ದು ಎಲ್ಲೋ ಗುದ್ದಿದ್ದಾರೆ. ಇವಳ ಬಾಯಿ ಮುಚ್ಚಿಸಿದ್ದಾರೆ. ಅಷ್ಟೇ ಇರಬೇಕು.

ಅಷ್ಟೇನಾ?

ಅದಕ್ಕಿಂತ ಮುಂದಿನ ಯೋಚನೆ ಬಂದಾಗ ಪಂಪಣ್ಣ ಎದ್ದು ಹೋಗಿ ಮುಖ ತೊಳೆದುಕೊಂಡ. ಯೋಚನೆ ತೊಳೆದು ಹೋಗಲಿಲ್ಲ.

ಸೋಮವಾರ ಬಂತು. ಅಯಸ್ಕಾಂತ ಕಿಸೆಯಲ್ಲಿ ಹಾಕಿಕೊಂಡು ಗಾಡಿಯಲ್ಲೇ ಆಶ್ರಮಕ್ಕೆ ಹೋದ. ಕಾಲಿಗೆ ಬೀಳದೆ ದೂರ ಕೂತ.

ಅಜ್ಜ ತಮ್ಮ ಪಾದ ನೋಡಿಕೊಂಡರು. “ಯಾಕೋ, ಹೊಲಸಾಗ್ಯಾವೇನು ಇವು?”

ಪಂಪಣ್ಣ ಬೇರೆಯೇ ಕೇಳಿದ. “ಅಜ್ಜಾರ, ನಂಬಿದವ್ರು ಮುಚ್ಚಿಟ್ರ ಏನ್ ಮಾಡಬೇಕ್ರಿ?”

“ಮುಚ್ಚಿಟ್ಟಾರ ಅಂತ ನಿನಗ ಹೆಂಗ ಗೊತ್ತಾತು?”

ಅವನು ಅಯಸ್ಕಾಂತ ತೆಗೆದು ಮುಂದಿಟ್ಟ. “ಇದು ಎಲ್ಲಿ ಹತ್ತಂಗಿಲ್ಲೋ ಅಲ್ಲಿ ಮೋಸ ಐತ್ರಿ.”

ಅಜ್ಜ ಅದನ್ನು ಎತ್ತಿಕೊಂಡರು. ತಟ್ಟೆಯಲ್ಲಿದ್ದ ರೊಟ್ಟಿಗೆ ಹಚ್ಚಿ ಬಿಟ್ಟರು. ಬಿತ್ತು. ತಮ್ಮ ಎದೆಗೆ ಹಚ್ಚಿದರು. ತೊಡೆಯ ಮೇಲೆ ಬಿತ್ತು. ಮುಂದೆ ಬಾಗಿ ಪಂಪಣ್ಣನ ಎದೆಗೆ ಹಚ್ಚಿದರು. ಅಲ್ಲೂ ಬಿತ್ತು. ಗೋಡೆಗೆ ಒರಗಿದ್ದ ತುಕ್ಕು ಹಿಡಿದ ಸಲಿಕೆಗೆ ಹಚ್ಚಿದರು. ಟಕ್ಕನೆ ಹಿಡಿಯಿತು.

“ಇಡೀ ಆಶ್ರಮದಾಗ ಇದೊಂದ ಸಾಚಾ ಐತಿ ನೋಡು,” ಅಂದರು.

ಪಂಪಣ್ಣ ಸಲಿಕೆಯಿಂದ ಅಯಸ್ಕಾಂತ ಕಿತ್ತುಕೊಂಡು ಎದ್ದ. ಮುಚ್ಚಿಡುವವರು ಹೀಗೇ ಆಟ ಆಡುತ್ತಾರೆ ಅಂದುಕೊಂಡ. ಮೆಟ್ಟಿಲಿಳಿದು ಹೋಗುವಾಗ ಬಾಗಿಲಲ್ಲಿ ಒಮ್ಮೆ ನಿಂತ. ಗಾಡಿ ಒಳಗೆ ಬರುವ ಆ ದೊಡ್ಡ ಬಾಗಿಲಿಗೆ ಮೊದಲು ಎರಡು ಕಲ್ಲುಕಂಬ ಇದ್ದವು. ಈಗ ಒಂದೇ ಇತ್ತು. ಇನ್ನೊಂದು ಕಡೆ ಹೊಸ ಇಟ್ಟಿಗೆ. ಎಷ್ಟು ಸೋಮವಾರ ಇಲ್ಲಿಂದಲೇ ಒಳಗೆ ಬಂದಿದ್ದ. ಕಂಡಿರಲಿಲ್ಲ.

ಗೌರಕ್ಕ ಹೊಳೆಯ ಮೆಟ್ಟಿಲ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದಳು. ಆಶ್ರಮದ ಅಡುಗೆ ಅವಳದು. ಪಂಪಣ್ಣ ಹತ್ತಿರ ಹೋಗಿ ಮಳೆ, ಬೆಳೆ ಅಂತ ಅದು ಇದು ಮಾತಾಡಿ ಕಡೆಗೆ ಹೆಂಡತಿಯ ಸುದ್ದಿ ಕೇಳಿದ. ಹುಲಿಗಿ ಇಲ್ಲಿಗೆ ಬಹಳ ಬರುತ್ತಿದ್ದಳೇನು?

ಬರುತ್ತಿದ್ದಳು, ಹಿಟ್ಟು ಹೊತ್ತುಕೊಂಡು ಬರುತ್ತಿದ್ದಳು ಅಂದಳು ಗೌರಕ್ಕ. ಊಟದ ಹೊತ್ತು ಮುಗಿದ ಮೇಲೆ ಬರುತ್ತಿದ್ದಳು. ಅಜ್ಜಾರು ಉಳಿದವರನ್ನೆಲ್ಲ ಮಲಗಿಕೊಳ್ಳಿ ಹೋಗಿ ಅಂತ ಕಳಿಸುತ್ತಿದ್ದರು. ಆಮೇಲೆ ಇಬ್ಬರೂ ಆಶ್ರಮದ ಜೀಪು ತಗೊಂಡು ಕೆಳಗೆ ಮರಳಿಗೆ ಇಳಿಯುತ್ತಿದ್ದರು.

“ಇಬ್ಬರೇನಾ?”

ಗೌರಕ್ಕ ಕೈ ನಿಲ್ಲಿಸಿ ಅವನ ಮುಖ ನೋಡಿದಳು. “ಆಗ ಕೇಳಬೇಕಿತ್ತಲ್ಲ ಇದನ್ನ. ಗಾಡಿ ಬುಡಕ ಮಕ್ಕೊಂಡವಗ ಹೆಂಡತಿ ಎಲ್ಲಿಗೆ ಹೋದ್ಲು ಅಂತ ಹೆಂಗ ಗೊತ್ತಾಗತೈತಿ?”

ಪಂಪಣ್ಣ ತಿರುಗಿ ಮೆಟ್ಟಿಲು ಹತ್ತಿದ. ಗುರುವಿನ ಮುಂದೆ ಹೋಗಿ ನಿಂತ. ಈ ಸಲ ಕೂರಲಿಲ್ಲ.

“ಹುಲಿಗಿ ಇಲ್ಲಿಗೆ ಯಾಕ ಬರ್ತಿದ್ಲ್ರಿ?”

“ಕಲಿಯಾಕ.”

“ಏನ್ ಕಲಿಯಾಕ?”

“ಗಾಡಿ ಬಿಡಾಕ.”

ಪಂಪಣ್ಣ ನಕ್ಕ. ನಗು ಚೆನ್ನಾಗಿರಲಿಲ್ಲ. “ಆಕಿ ಸೈಕಲ್ ಸೈತ ತುಳದಾಕಿ ಅಲ್ರಿ.”

“ಅದಕ್ಕ ಬಂದ್ಲು.”

ಆಮೇಲೆ ಅಜ್ಜ ಹೇಳಿದರು. ನಿಧಾನವಾಗಿ, ಬೇರೆ ಯಾರದೋ ಊರಿನ ಸುದ್ದಿ ಹೇಳಿದ ಹಾಗೆ. ಮೊದಲು ಮರಳಿನಲ್ಲಿ ಜೀಪು ಕಲಿತಳು. ಗಂಡ ಮುಂಬೈಗೆ ಹೋದಾಗ ಬಂದು ಚಾವಿ ಕೇಳಿದಳು. ಪೈಲ್ವಾನ್ ಗಾಡಿಯನ್ನು ಗಿರಣಿಯಿಂದ ಇಲ್ಲಿಯವರೆಗೆ ತಾನೇ ಬಿಟ್ಟುಕೊಂಡು ಬಂದಳು. ಬಲಗಡೆಯ ಸೀಟಿನಲ್ಲಿ ಅಜ್ಜ ಕೂತು ಹಾದಿ ನೋಡಿ ಹೇಳಿದರು. ಹಾದಿಯಲ್ಲಿ ಏನೂ ಆಗಲಿಲ್ಲ. ಒಳಗೆ ತಿರುಗಿಸುವಾಗ ಹಿಂದಿನ ಮೈ ಬಾಗಿಲ ಕಂಬಕ್ಕೆ ಬಡಿಯಿತು. ಕಂಬ ಬಿತ್ತು. ಅವಳ ಮೊಣಕೈಗೆ ಪೆಟ್ಟಾಯಿತು. ಕೈಗಿಂತ ತಗಡು ನೋಡಿ ಅತ್ತಳು. ಅಜ್ಜ ತಗಡು ಬಡಿದು, ಪುಟ್ಟಿ ಮೆತ್ತಿ, ತಿಕ್ಕಿ, ಶೆಡ್ಡಿನಲ್ಲಿದ್ದ ಅವನದೇ ಪ್ರೈಮರ್ ಹಚ್ಚಿದರು.

“ಆಕಿಗ್ಯಾಕ ಬೇಕಿತ್ರಿ ಗಾಡಿ ಬಿಡೋದು?”

“‘ನಾ ಯಾವಾಗ್ಲೂ ಆ ಕಡೆ ಕುಂತು ನೋಡಿ ಹೇಳ್ತೀನಿ. ಒಂದಿನ ಅವ್ರು ಅಲ್ಲಿ ಕುಂತು ನನಗ ಹೇಳ್ಲಿ’ ಅಂದ್ಲು.”

ಪಂಪಣ್ಣ ಹೊರಗೆ ನಿಂತಿದ್ದ ಗಾಡಿಯ ಕಡೆ ತಿರುಗಿದ.

ಆ ಗಾಡಿಗೆ ಸ್ಟೇರಿಂಗು ಎಡಗಡೆ. ನಮ್ಮ ಹಾದಿಗೆ ಅದು ತಿರುಗಾಮುರುಗಾ. ಮುಂದೆ ಲಾರಿ ಇದ್ದರೆ, ಅದರಾಚೆ ಎದುರಿಗೆ ಏನು ಬರುತ್ತಿದೆ ಎಂದು ಬಿಡುವವನಿಗೆ ಕಾಣುವುದಿಲ್ಲ. ಬಲಗಡೆ ಕೂತವರು ನೋಡಿ ಹೇಳಬೇಕು. ಹುಲಿಗೆಮ್ಮ ಹೇಳುತ್ತಿದ್ದಳು. ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುವಳು. ಎದುರಿಗೆ ಗಾಡಿ ಇದ್ದರೆ, ಬಾಗ್ಲ ಹಾಕೈತಿ ಅನ್ನುವಳು. ಇಲ್ಲದಿದ್ದರೆ, ಬಾಗ್ಲ ತಗದೈತಿ. ಅದು ಅವಳೇ ಕಟ್ಟಿಕೊಂಡ ಮಾತು. ಗಾಡಿಯೊಳಗೆ ಇಬ್ಬರೇ ಇದ್ದಾಗಿನ ಮಾತು. ಕೇಳಿದವರು ನಕ್ಕಾರು ಎಂದು ಪಂಪಣ್ಣ ಯಾರ ಮುಂದೂ ಆಡಿರಲಿಲ್ಲ. ತಗದೈತಿ ಅಂದಳೆಂದರೆ ಅವನು ಇನ್ನೊಂದು ಮಾತು ಕೇಳುತ್ತಿರಲಿಲ್ಲ, ಲಾರಿ ದಾಟಿಸಿ ಗಾಡಿ ಬಿಡುತ್ತಿದ್ದ. ಆಸ್ಪತ್ರೆಗೆ ಒಯ್ದ ದಿನವೂ ಕಿಟಕಿಗೆ ತಲೆ ಆನಿಸಿಕೊಂಡು ಅವಳೇ ಹೇಳಿದ್ದಳು.

“ಮತ್ತ ನನಗ್ಯಾಕ ಹೇಳ್ಲಿಲ್ಲ?” ಅಂದ ಪಂಪಣ್ಣ.

“ನಾನ ಬಿಟ್ಕೊಂಡು ಬಂದು ಗಿರಣಿ ಮುಂದ ನಿಲ್ಲಸ್ತೀನಿ, ಅಲ್ಲೀತನ ಬಾಯಿ ಬಿಡಬ್ಯಾಡ್ರಿ ಅಂದಿದ್ಲು. ಅಷ್ಟ್ರಾಗ ಹಾಸಿಗಿ ಹಿಡದ್ಲು.”

“ಆಕಿ ಹ್ವಾದ ಮ್ಯಾಲಾದ್ರೂ ನೀವು ಹೇಳಬಹುದಿತ್ತು.”

“ಈಗ ಹೇಳ್ರಿ ಅಂತ ಆಕಿ ಹೇಳಿ ಹೋಗ್ಲಿಲ್ಲ.”

“ಇವತ್ಯಾಕ ಹೇಳಿದ್ರಿ?”

“ನಿನ್ನ ಮಾರಿ ನೋಡಿ.”

ಪಂಪಣ್ಣ ಬಾಗಿಲ ಕಡೆ ಕೈ ತೋರಿಸಿದ. “ಬಿದ್ದ ಕಂಬ ಎಲ್ಲೈತ್ರಿ? ಅದಕ್ಕ ಪ್ರೈಮರ್ ಹತ್ತಿರಬೇಕಲ್ಲ, ನೋಡ್ತೀನಿ.”

“ದಂಡಿ ಮ್ಯಾಲ ಒಗದಿದ್ವಿ. ಹೊಳಿ ಬಂದಾಗ ಒಯ್ತು.”

“ಬಡದಿದ್ದನ್ನ ಕಂಡವ್ರು?”

“ಆಕಿ, ನಾನು.”

“ಒಬ್ಬಾಕಿ ಇಲ್ಲ. ಇನ್ನೊಬ್ರು ನೀವು.”

“ಹೌದು.”

“ಮತ್ತ ನಾ ಹೆಂಗ ನಂಬಲ್ರಿ?”

ಅಜ್ಜ ಟವೆಲ್ಲು ಹೆಗಲಿಗೆ ಹಾಕಿಕೊಂಡರು. ದಾಸೋಹಕ್ಕೆ ಉಪ್ಪು ತೀರಿದೆ, ಪೇಟೆಗೆ ಹೋಗಬೇಕು ಅಂದರು. ಜೀಪು ಕೆಟ್ಟು ಕೂತಿದೆ, ನೀನು ಹೋಗುವ ಹಾದಿಯಲ್ಲಿ ಇಳಿಸು ಅಂದರು.

ಪಂಪಣ್ಣ ಇಲ್ಲ ಅನ್ನಲಿಲ್ಲ. ಇದು ಕಡೆಯ ಸಲ ಅಂದುಕೊಂಡ. ಇವರನ್ನು ಇಳಿಸಿ ಮನೆಗೆ ಹೋಗಿ, ಉಳಿ ತಗೊಂಡು ಆ ಪುಟ್ಟಿ ಎಬ್ಬಿಸಿ ಹಾಕುವುದು. ಇನ್ನು ಸೋಮವಾರವೂ ಇಲ್ಲ, ಗುರುವೂ ಇಲ್ಲ. ಇವರು ಹೇಳಿದ್ದು ಸುಳ್ಳಾದರೆ ಹುಲಿಗೆಮ್ಮನೂ ಇಲ್ಲ. ಹೋದ ಕಾರ್ತೀಕದಲ್ಲಿ ಮಣ್ಣಿಗೆ ಕೊಟ್ಟದ್ದು ಯಾರನ್ನೋ.

ಅಜ್ಜ ಸುತ್ತಿಕೊಂಡು ಹೋಗಿ ಬಲಗಡೆಯ ಬಾಗಿಲು ತೆಗೆದು ಕೂತರು.

ಕಾರ್ತೀಕದಿಂದ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ಹಿಂದೆ ಕೂಡ್ರಿ ಅನ್ನುವ ಮಾತು ಪಂಪಣ್ಣನ ಬಾಯಿಗೆ ಬಂತು. ನುಂಗಿಕೊಂಡ.

ದೊಡ್ಡ ಹಾದಿಗೆ ಬಂದರು. ಸ್ವಲ್ಪ ದೂರಕ್ಕೆ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಹಿಂದೆ ಎರಡು ಟ್ರೇಲರು, ಅದರ ಮೇಲೆ ಮನೆಯೆತ್ತರ ಕಬ್ಬು. ಪಂಪಣ್ಣ ಅದರ ಬೆನ್ನಿಗೆ ಬಿದ್ದ. ಗಾಡಿ ಎರಡನೇ ಗೇರಿನಲ್ಲಿ ಗುರುಗುಟ್ಟಿತು. ಕಬ್ಬಿನ ಸೋಗೆ ಹಾರಿ ಹಾರಿ ಗಾಜಿಗೆ ಬಡಿಯುತ್ತಿತ್ತು.

“ಹಿಂಗ ಎಲ್ಲೀತನ?” ಅಜ್ಜ ಕೇಳಿದರು.

“ಆತ ಎಲ್ಲೀತನ ಹೋಗ್ತಾನೋ ಅಲ್ಲೀತನ.”

ಕಾರ್ತೀಕದಿಂದ ಅವನು ಬಿಡುತ್ತಿದ್ದದ್ದೇ ಹಾಗೆ. ಒಮ್ಮೆ ಎಮ್ಮೆ ಗಾಡಿಯ ಹಿಂದೆ ಪೇಟೆಯವರೆಗೆ ಬಂದಿದ್ದ. ಪೈಲ್ವಾನ ಎಮ್ಮೆ ಕಾಯಾಕ ಹತ್ಯಾನ ಅಂತ ಜನ ಆಡಿಕೊಂಡಿದ್ದರು.

“ಯಾಕ ಹಿಂಗ?”

“ನನಗ ಕಾಣಂಗಿಲ್ರಿ.”

“ನನಗ ಕಾಣತೈತಿ.”

ಪಂಪಣ್ಣ ಗೇರು ಬದಲಿಸಲಿಲ್ಲ. ಸ್ಟೇರಿಂಗು ಗಟ್ಟಿಯಾಗಿ ಹಿಡಿದ. ಕಿಸೆಯಲ್ಲಿದ್ದ ಅಯಸ್ಕಾಂತ ತೊಡೆಗೆ ಒತ್ತುತ್ತಿತ್ತು. ಯಾರ ಕಣ್ಣನ್ನು ನಂಬಿ ಬಿಡಬೇಕು ಅಂದುಕೊಂಡ. ಇವರ ಕಣ್ಣನ್ನೇ?

ಅಜ್ಜ ಗಾಜು ಇಳಿಸಿದರು. ಎರಡು ಬೆರಳಿನಿಂದ ಮೇಲಿನ ತಗಡು ಹಿಡಿದು ಕತ್ತು ಹೊರಗೆ ಹಾಕಿದರು. ಗಡ್ಡ ಗಾಳಿಗೆ ಹೆಗಲ ಮೇಲೆ ಹಾರಿತು. ನೋಡಿ ಒಳಗೆ ಬಂದರು.

“ಬಾಗ್ಲ ಹಾಕೈತಿ.”

ಪಂಪಣ್ಣನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಎದುರಿನಿಂದ ಅದಿರಿನ ಲಾರಿಯೊಂದು ಗಾಳಿ ಎಬ್ಬಿಸಿಕೊಂಡು ದಾಟಿ ಹೋಯಿತು. ಗಾಡಿ ಅಲುಗಿತು.

ಅವನು ಹಾದಿ ನೋಡುತ್ತಲೇ ಇದ್ದ. ಹಾದಿ ಮಸುಕಾಗಿತ್ತು.

“ಅಜ್ಜಾರ, ಆ ಮಾತು ನಿಮಗ ಯಾರು ಕಲಿಸಿದ್ರು?”

ಅಜ್ಜ ಆಗಲೇ ಮತ್ತೆ ಕತ್ತು ಹೊರಗೆ ಹಾಕಿದ್ದರು. ಬಹಳ ಹೊತ್ತು ದೂರ ನೋಡಿದರು. ಆಮೇಲೆ ಒಳಗೆ ಬಂದು, ಸೀಟಿಗೆ ಒರಗಿ, ಕೈ ತೊಡೆಯ ಮೇಲೆ ಇಟ್ಟುಕೊಂಡರು.

“ಬಾಗ್ಲ ತಗದೈತಿ, ಪಂಪಣ್ಣ.”