ಹಿಂದಿಯಲ್ಲಿ ಹೋದ ಆಮಂತ್ರಣ

ಪರದೇಶದ ನಮ್ಮ ರಾಯಭಾರ ಕಚೇರಿಗೆ ಭಟನಾಗರ್ ಸಾಹೇಬರು ರಾಯಭಾರಿಯಾಗಿ ಬಂದದ್ದೇ ಬಂದದ್ದು, ನನ್ನ ತಲೆ ತಿಂದು ಹಾಕಿದರು. "ಹಿಂದಿ ಜಗತ್ತಿನ ಭಾಷೆ ಆಗಬೇಕು! ಔತಣದ ಆಮಂತ್ರಣ ಎಲ್ಲ ದೇಶದ ರಾಯಭಾರಿಗಳಿಗೂ ಹಿಂದಿಯಲ್ಲೇ ಹೋಗಲಿ!"

ತಿಪಟೂರಿನ ಗುಮಾಸ್ತೆ ನಾನು, ಬೇಡ ಸಾರ್ ಅಂತ ಎಷ್ಟು ಬಡಕೊಂಡರೂ ಕೇಳಲಿಲ್ಲ. ಹಾಳಾಗಿ ಹೋಗಲಿ ಅಂತ ಕಳಿಸಿದೆ. ಆಮೇಲೆ ಒಂದೊಂದು ಕಚೇರಿಗೂ ಫೋನ್ ಮಾಡಿ, "ನಮ್ಮ ಸಾಹೇಬರಿಗೆ ಭಾಷಾಭಿಮಾನ ಬಹಳ. ನಿಮ್ಮ ನಿಮ್ಮ ಭಾಷೆಯಲ್ಲೇ ಉತ್ತರ ಬರೆದರೆ ಹಿಗ್ಗುತ್ತಾರೆ" ಅಂದೆ.

ಅರಬ್ಬಿ, ಜಪಾನಿ, ಗ್ರೀಕ್ ಅಂತ ಸಾಹೇಬರ ಮೇಜಿನ ಮೇಲೆ ಉತ್ತರಗಳ ರಾಶಿ ಬಿತ್ತು. ಅಷ್ಟರಲ್ಲಿ ಅಡುಗೆಯವನು ಬಂದು, "ಎಷ್ಟು ಜನಕ್ಕೆ ಬೇಯಿಸಲಿ ಸಾರ್?" ಅಂತ ನಿಂತ.

ಸಾಹೇಬರು ಕಾಗದಗಳನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ ಬೆವರಿದರು. "ಯಾರು ಬರ್ತಾರೆ, ಯಾರು ಬರಲ್ಲ? ಇವರಿಗೆಲ್ಲ ಇಂಗ್ಲಿಷಿನಲ್ಲಿ ಬರೆಯೋಕೆ ಹೇಳ್ರೀ!"

"ಹೇಳ್ತೀನಿ ಸಾರ್. ಅದನ್ನೂ ಹಿಂದಿಯಲ್ಲೇ ಹೇಳಲಾ?"