ಅರ್ಧಕ್ಕೆ ನಿಂತ ಕಾಡತೂಸು

ಹೊಳೆದಂಡೆಯಲ್ಲಿ ಒಂದು ಗರಡಿ ಇತ್ತು. ಕುಸ್ತಿಯದಲ್ಲ, ರೈಫಲ್ ಗುರಿಯದು. ಗುರು ಮಾಚಯ್ಯ, ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿ ಬಂದವರು.

ಅಲ್ಲಿ ಒಂದು ಕಟ್ಟಳೆ. ಹಾರಿಸಿದ ಖಾಲಿ ಕಾಡತೂಸಿಗೆ ಮತ್ತೆ ಮದ್ದು, ಗುಂಡು ತುಂಬುವಾಗ ತಮ್ಮದನ್ನು ಯಾರೂ ತಾವೇ ತುಂಬಿಕೊಳ್ಳುವಂತಿಲ್ಲ. ಒಬ್ಬರದನ್ನು ಇನ್ನೊಬ್ಬರು ತುಂಬಬೇಕು.

ಶಿಷ್ಯರಲ್ಲಿ ಬೊಳ್ಳಮ್ಮನದನ್ನು ಉತ್ತಯ್ಯ ತುಂಬುತ್ತಿದ್ದ. ಅವಳದು ಒಂದು ಗುಂಡು ಹಾರಿದ ಕೂಡಲೇ ಮುಂದಿನದನ್ನು ತಾನೇ ಒಳಗೆಳೆದುಕೊಳ್ಳುವ ರೈಫಲ್.

"ಅದಕ್ಕೆ ಪೂರ್ತಿ ಅಚ್ಚೇ ಬೇಕು," ಎಂದು ಗುರು ಹೇಳಿದ್ದರು. "ಹಾರಿಸಿದ ಹಿತ್ತಾಳೆ ಚಿಪ್ಪು ಉಬ್ಬಿರುತ್ತೆ. ಬುಡದಿಂದ ಕತ್ತಿನ ತನಕ ಒತ್ತಿ ಹಳೇ ಅಳತೆಗೆ ತರಬೇಕು. ಆಮೇಲೆ ಬಾಯಿ ಬಿಗಿ, ಗುಂಡು ಅಲುಗದಷ್ಟು. ಕತ್ತು ಹಿಸುಕಬೇಡ, ಮಾರಾಯ."

ಪೂರ್ತಿ ಅಚ್ಚೆಂದರೆ ಒಂದೊಂದಕ್ಕೂ ಎಣ್ಣೆ ಸವರಬೇಕು, ಒತ್ತಬೇಕು, ಒರೆಸಬೇಕು. ಉತ್ತಯ್ಯನಿಗೆ ಬೇಜಾರು ಬಂತು. ಕತ್ತನ್ನಷ್ಟೇ ಒತ್ತುವ ಅಚ್ಚು ಕೈಗೆ ಸಿಕ್ಕಿತು, ಅದರಲ್ಲೇ ಮುಗಿಸಿದ. ಅಳುಕಿಗೆ ಬಾಯಿಯನ್ನು ಮಾತ್ರ ಇನ್ನಷ್ಟು ಬಿಗಿದ.

ಸ್ಪರ್ಧೆಗೆ ತಂಡ ಆರಿಸುವ ದಿನ ಬೆಳಿಗ್ಗೆ ಬೊಳ್ಳಮ್ಮನ ಕಾಡತೂಸು ಅರ್ಧ ಒಳಗೆ ಹೋಗಿ ಸಿಕ್ಕಿಕೊಂಡಿತು. ಅವಳ ಸರದಿ ಹಾಗೇ ಹೋಯಿತು.

ಗುರು ಕೇಳಿದರು, "ಯಾವ ಅಚ್ಚಿನಲ್ಲಿ ಒತ್ತಿದೆಯೋ?"

"ಪೂರ್ತಿ ಅಚ್ಚಿನಲ್ಲೇ, ಗುರುಗಳೇ."

ಮಾತು ಬಾಯಿಂದ ಹೇಗೆ ಬಂತೋ, ಅವನಿಗೇ ಗೊತ್ತಿಲ್ಲ.

"ಉತ್ತಯ್ಯಣ್ಣ ತುಂಬಿದ್ದರಲ್ಲಿ ತಪ್ಪಿರಲ್ಲ ಬಿಡಿ," ಎಂದಳು ಬೊಳ್ಳಮ್ಮ.

"ಹಾಗಾದ್ರೆ ನೀನು ರೈಫಲ್ ಒರೆಸಿಲ್ಲ!"

"ಒರೆಸಿದ್ದೆ, ಗುರುಗಳೇ."

"ಸುಳ್ಳು ಬೇರೆ!"

ಎಲ್ಲರೆದುರು ಬಿದ್ದ ಬೈಗುಳ ಅದು. ಅವಳು ತಲೆ ತಗ್ಗಿಸಿ ಹೋದಳು. ಮಧ್ಯಾಹ್ನಕ್ಕೆ ಬಟ್ಟೆ ಗಂಟು ಕಟ್ಟಿ, ಸಂಜೆಯ ಬಸ್ಸಿಗೆ ಊರಿಗೆ ಹೊರಡುತ್ತೇನೆ, ಇನ್ನು ಬರುವುದಿಲ್ಲ ಎಂದಳು.

ಉತ್ತಯ್ಯ ಊಟದ ತಟ್ಟೆ ಸರಿಸಿ ಎದ್ದ. ಥೂ, ನನ್ನ ಜನ್ಮಕ್ಕಿಷ್ಟು ಎನ್ನಿಸಿತು. ಬೈಸಿಕೊಂಡವಳು ತನ್ನ ಪರವಾಗಿ ಮಾತಾಡಿದ್ದಳಲ್ಲ, ನಾಚಿಕೆಯಾದದ್ದು ಅದಕ್ಕೇ ಹೆಚ್ಚು. ಉಳಿದ ಕಾಡತೂಸುಗಳನ್ನು ಡಬ್ಬಿಗೆ ಹಾಕಿಕೊಂಡು ಹೊಳೆಯ ಕಡೆ ನಡೆದ.

ಮೆಟ್ಟಿಲ ಮೇಲೆ ಗುರು ಕೂತಿದ್ದರು.

"ಎಲ್ಲಿಗೋ ಸವಾರಿ?"

"ಇವನ್ನ ನೀರಿಗೆ ಹಾಕೋಣ ಅಂತ."

"ಹೊಳೆ ನಿನಗೇನು ಅನ್ಯಾಯ ಮಾಡಿತ್ತೋ?"

ಉತ್ತಯ್ಯ ಅಲ್ಲೇ ಕುಸಿದು ಕೂತ. ಅಚ್ಚಿನ ವಿಷಯ, ಸುಳ್ಳಿನ ವಿಷಯ, ಎಲ್ಲ ಹೇಳಿದ. ಮುಖ ಎತ್ತಲು ಆಗಲಿಲ್ಲ.

ಗುರು ಜೇಬಿನಿಂದ ಕಾಡತೂಸಿನ ಅಳತೆ ನೋಡುವ ಉಕ್ಕಿನ ಕೊಳವೆ ತೆಗೆದರು. ಒಂದು ಕಾಡತೂಸನ್ನು ಅದರೊಳಗೆ ಬಿಟ್ಟರು. ಅದು ಪೂರ್ತಿ ಇಳಿಯದೆ ನಿಂತಿತು.

"ಈ ಕೊಳವೆ ಬೆಳಿಗ್ಗೆಯೂ ನನ್ನ ಜೇಬಲ್ಲೇ ಇತ್ತು," ಎಂದರು. ಅವರ ದನಿ ಸಣ್ಣಗಾಗಿತ್ತು.

"ನನ್ನನ್ನ ಬೈಯಿರಿ ಗುರುಗಳೇ. ಹೊಡೀರಿ ಬೇಕಾದ್ರೆ."

"ನಿನಗೆ ಹಗುರ ಆಗಲಿ ಅಂತಲಾ? ಏಳು, ನಡಿ."

ಅಂಗಳದಲ್ಲಿ ಎಲ್ಲರೂ ಕಾಫಿಗೆ ಸೇರಿದ್ದರು. ಬೊಳ್ಳಮ್ಮ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗುರು ನೇರ ಅವಳ ಮುಂದೆ ಹೋಗಿ ಕೈ ಮುಗಿದರು.

"ತಾಯೀ, ನೀನು ರೈಫಲ್ ಒರೆಸಿದ್ದೆ. ನಾನು ಅಳತೆ ನೋಡದೆ ಬೈದೆ. ಸುಳ್ಳು ಹೇಳ್ತೀಯ ಅಂದೆ. ತಪ್ಪಾಯ್ತು."

"ಅಯ್ಯೋ, ಇದೇನು ಗುರುಗಳೇ! ಕೈ ಇಳಿಸಿ," ಎಂದು ಅವಳು ಗಾಬರಿಯಾದಳು. "ಹಾಗಾದ್ರೆ ಅದು ಸಿಕ್ಕಿಕೊಂಡದ್ದು ಯಾಕೆ?"

ಉತ್ತಯ್ಯ ಡಬ್ಬಿ ಹಿಡಿದು ಗುರುವಿನ ಹಿಂದೆಯೇ ನಿಂತಿದ್ದ.

ಗುರು ಪಕ್ಕಕ್ಕೆ ಸರಿದು ಉತ್ತಯ್ಯನಿಗೆ ದಾರಿ ಬಿಟ್ಟರು.

"ನನ್ನ ಪಾಲಿನ ತಪ್ಪು ನಾನು ಹೇಳಿದೆ, ನಿನ್ನದು ನೀನು ಹೇಳು ಮಗಾ. ಬಸ್ಸು ಬರೋ ಹೊತ್ತಾಯ್ತು."