ಟವಲ್ ಹಾಸಿದ ಕುರ್ಚಿ

ಪ್ರಿನ್ಸಿಪಾಲ್ ವೃಷಭೇಂದ್ರಯ್ಯ ರಿಟೈರಾದರು. ಶಾಲು ಹೊದಿಸಿಕೊಂಡರು, ಹಾರ ಹಾಕಿಸಿಕೊಂಡರು, ಕಣ್ಣೀರೂ ಹಾಕಿದರು. ಮರುದಿನ ಬೆಳಿಗ್ಗೆ ಎಂದಿನಂತೆ ಬಂದು, ಅದೇ ಕುರ್ಚಿಗೆ ತಮ್ಮ ಟವಲ್ ಹಾಸಿ ಕೂತುಬಿಟ್ಟರು!

"ಬದಲಾವಣೆಯ ಕಾಲ ಕಣಯ್ಯಾ. ಕಾಲೇಜಿಗೆ ನನ್ನ ಮಾರ್ಗದರ್ಶನ ಬೇಕು," ಎಂದರು ಜವಾನನಿಗೆ.

ಹೊಸ ಪ್ರಿನ್ಸಿಪಾಲ್ ಸುಲೋಚನಾ ಮೇಡಂ, ತಮಗೆ ಪಾಠ ಹೇಳಿದ ಗುರುಗಳನ್ನು ಏಳಿ ಎನ್ನಲಾರದೆ, ಸ್ಟಾಫ್ ರೂಮಿನ ಮೂಲೆಯಲ್ಲಿ ಹಲ್ಲು ಕಡಿಯುತ್ತಾ ಕೂತರು. ಅಲ್ಲೊಂದು ಬೆಲ್, ಇಲ್ಲೊಂದು ಬೆಲ್. ಎರಡೂ ಕಡೆ ಓಡಿ ಓಡಿ ಜವಾನನಿಗೆ ತಲೆ ಕೆಟ್ಟುಹೋಯಿತು. ತಿಂಗಳಾದರೂ ಆಸಾಮಿ ಕುರ್ಚಿಯಿಂದ ಅಲುಗಾಡಲಿಲ್ಲ.

ಒಂದು ಸೋಮವಾರ ಜವಾನ ಗೇಟಿನಲ್ಲೇ ನಿಂತ. ಹಾಜರಿ ಸಾಲದ ಹುಡುಗರು, ಸೀಟು ಸಿಗದವರ ಅಪ್ಪಂದಿರು, ಹಾಸ್ಟೆಲ್ಲಿನ ನೀರು ಸಾಂಬಾರನ್ನು ಬಕೆಟ್ ಸಮೇತ ಹೊತ್ತು ತಂದವರು, ಎಲ್ಲರಿಗೂ ಒಂದೇ ಮಾತು: "ಒಳಗೆ ದೊಡ್ಡ ಸಾಹೇಬ್ರಿದ್ದಾರೆ. ಅವರು ಹೇಳಿದ್ರೆ ಮುಗೀತು. ಬಿಡಬೇಡಿ."

ಅವರು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಳಗಿಂದ ಕೂಗು ಕೇಳಿಸಿತು: "ನಾನು ಪ್ರಿನ್ಸಿಪಾಲ್ ಅಲ್ರೀ! ರಿಟೈರಾಗಿದ್ದೀನಿ! ಏನಿದ್ರೂ ಮೇಡಂನ ಕೇಳಿ!"

ಹೊರಗೆ ಓಡಿಬಂದ ಅವರ ಹಿಂದೆಯೇ ಜವಾನ ಟವಲ್ ಮಡಿಸಿ ತಂದ.

"ಇದನ್ನ ಮರೆತುಹೋದ್ರೆ ನಾಳೆ ಮತ್ತೆ ಬರಬೇಕಾಗುತ್ತೆ ಸಾರ್."